ರಕ್ತ ಹೀರುವವನ ಕತೆ ನಮ್ಮ ಹುಡುಗಿಯರಿಗೆ ಯಾಕೆ ಇಷ್ಟ?

ಹುಡುಗಿಯರು ದೆವ್ವದ ಪ್ರೇಮಕತೆ ಓದಿ ಹಾಳಾಗುತ್ತಿದ್ದಾರೆ ಎಂಬ ದೂರು ಪಿಟಿಎ ಮೀಟಿಂಗುಗಳಲ್ಲಿ ಈಚೆಗೆ ಆಗಾಗ ಕೇಳುತ್ತದೆ. ಹೇಳುವವರು ಹೆಚ್ಚಾಗಿ ಅಪ್ಪಂದಿರು. ಅಮ್ಮಂದಿರು ಸುಮ್ಮನೆ ಕೂತಿರುತ್ತಾರೆ. ಅವರ ಫೋನಿನಲ್ಲೂ ಅಂಥದೇ ಕತೆಯ ಮುಂದಿನ ಕಂತು ಕಾಯುತ್ತಿರುತ್ತದಲ್ಲ!

ನಾವು ಅಧ್ಯಾಪಕರು "ಹೌದು ಹೌದು, ಪಾಠದ ಕಡೆ ಗಮನ ಕೊಡಲಿ" ಎಂದು ತಲೆಯಾಡಿಸಿದರೆ ಮೀಟಿಂಗು ಬೇಗ ಮುಗಿಯುತ್ತದೆ. ಆದರೆ ಏಳನೇ ಕ್ಲಾಸಿನಲ್ಲಿ ಎರಡು ಪುಟದ ಪಾಠ ಓದಲು ಆಕಳಿಸುತ್ತಿದ್ದ ಹುಡುಗಿ ಹೈಸ್ಕೂಲಿಗೆ ಹೋದ ಮೇಲೆ ನಾನೂರು ಪುಟದ ಕತೆಯನ್ನು ಮೂರೇ ರಾತ್ರಿಯಲ್ಲಿ ಮುಗಿಸುತ್ತಾಳೆ ಎಂದರೆ ಆ ಕತೆಯಲ್ಲಿ ಏನೋ ಇದೆ. ಅದೇನು ಎಂದು ನೋಡದೆ ಪುಸ್ತಕ ಕಿತ್ತುಕೊಳ್ಳುವುದು ನಮಗಂತೂ ಸರಿ ಕಾಣುವುದಿಲ್ಲ.

ಗೊತ್ತಿಲ್ಲದವರಿಗಾಗಿ ಎರಡು ಮಾತು. 2005ರಲ್ಲಿ ಅಮೆರಿಕದ ಸ್ಟೆಫನಿ ಮೇಯರ್ ಎಂಬವರು 'ಟ್ವೈಲೈಟ್' ಎಂಬ ಕಾದಂಬರಿ ಬರೆದರು. ಹದಿನೇಳರ ಹುಡುಗಿಯೊಬ್ಬಳು ತನ್ನ ಕ್ಲಾಸಿನಲ್ಲೇ ಕೂರುವ ಚಂದದ ಹುಡುಗನನ್ನು ಪ್ರೀತಿಸುತ್ತಾಳೆ. ಅವನೋ ರಕ್ತ ಕುಡಿದು ಬದುಕುವ ವ್ಯಾಂಪೈರ್. ಸಾವಿಲ್ಲ, ಮುಪ್ಪಿಲ್ಲ. ಅವಳ ರಕ್ತದ ವಾಸನೆ ಅವನಿಗೆ ತಡೆಯಲಾಗದಷ್ಟು ಆಸೆ ಹುಟ್ಟಿಸುತ್ತದೆ, ಆದರೂ ಮುಟ್ಟುವುದಿಲ್ಲ. ಕತೆ ಇಷ್ಟೇ. ನಾಲ್ಕು ಭಾಗಗಳಾಗಿ ಬಂದು ಲೋಕದಲ್ಲೆಲ್ಲ ಹತ್ತು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಯಿತು. ಈ ವ್ಯಾಂಪೈರ್ ಮನೆಯವರು ಯಾವಾಗಲೂ ಮೋಡ ಕವಿದ, ಮಳೆ ಬಿಡದ ಊರನ್ನು ಹುಡುಕಿ ಮನೆ ಮಾಡುತ್ತಾರೆ, ಬಿಸಿಲಿಗೆ ಬಂದರೆ ಗುಟ್ಟು ರಟ್ಟಾಗುತ್ತದೆ ಎಂದು. ಆ ಲೆಕ್ಕದಲ್ಲಿ ಜೂನ್-ಜುಲೈ ತಿಂಗಳ ನಮ್ಮ ಬದಿಯಡ್ಕ, ಮುಳ್ಳೇರಿಯಗಳೂ ಅವರಿಗೆ ಹೇಳಿ ಮಾಡಿಸಿದ ಊರುಗಳೇ!

ಆಮೇಲೆ ಇದರ ಜಾಡಿನಲ್ಲಿ ನೂರಾರು ಕತೆಗಳು ಬಂದವು. 2014ರಲ್ಲಿ ಬೆಂಗಳೂರಿನಲ್ಲಿ ಶುರುವಾದ 'ಪ್ರತಿಲಿಪಿ'ಯಂಥ ಆಪ್‌ಗಳಲ್ಲಿ ಕನ್ನಡದಲ್ಲೂ ಮಲಯಾಳದಲ್ಲೂ ಕಂತು ಕಂತಾಗಿ ಇಂಥವು ಸಿಗುತ್ತವೆ. ಅವುಗಳಲ್ಲಿ ನಾಯಕ ಒಮ್ಮೆ ನಾಗ, ಒಮ್ಮೆ ಗಂಧರ್ವ, ಒಮ್ಮೆ ನೂರು ವರ್ಷ ಹಿಂದೆ ಸತ್ತ ಜಮೀನ್ದಾರನ ಮಗ.

ಇದು ಪರದೇಶದಿಂದ ಬಂದ ರೋಗ ಎನ್ನುವವರಿದ್ದಾರೆ. ಅವರು ಯಕ್ಷಗಾನ ನೋಡಿದವರಲ್ಲವೇ? ಹಿಡಿಂಬೆಯ ಕತೆ ಮತ್ತೇನು? ಮನುಷ್ಯರ ವಾಸನೆ ಹಿಡಿದು ಕೊಂದು ತರಲು ಅಣ್ಣ ಕಳಿಸಿದ ರಾಕ್ಷಸಿ ಭೀಮನನ್ನು ಕಂಡ ಕೂಡಲೇ ಮನಸೋಲುತ್ತಾಳೆ, ತಿನ್ನಲು ಬಂದವಳು ಕಾಯಲು ನಿಲ್ಲುತ್ತಾಳೆ. ನಮ್ಮ ತೆಂಕುತಿಟ್ಟಿನಲ್ಲಿ ಮೊದಲು ಹೆಣ್ಣು ಬಣ್ಣದ ವೇಷ ಅಬ್ಬರಿಸಿ ಹೋಗುತ್ತದೆ, ಆಮೇಲೆ ಅದೇ ಹಿಡಿಂಬೆ ಸ್ತ್ರೀವೇಷದ ಮಾಯಾ ಹಿಡಿಂಬೆಯಾಗಿ ನಾಚುತ್ತ ಬರುತ್ತಾಳೆ. ಚಳಿಯಲ್ಲಿ ಕಂಬಳಿ ಹೊದ್ದು ಕೂತ ಅಜ್ಜಿಯಂದಿರಿಗೆ ಆ ಭಾಗ ಬಂದಾಗ ಮಾತ್ರ ನಿದ್ದೆ ಬರುವುದಿಲ್ಲ. ಹಗಲು ಭೀಮ ಹಿಡಿಂಬೆಯೊಂದಿಗೆ, ರಾತ್ರಿ ತಿರುಗಿ ತಾಯಿಯ ಬಳಿಗೆ ಎಂಬ ಕರಾರು ಬೇರೆ ಇದೆ ಮಹಾಭಾರತದಲ್ಲಿ. ಅತ್ತೆ ಮನೆಯ ಲೆಕ್ಕಾಚಾರ ಬಲ್ಲವರೇ ಮಾಡಿದ ಕರಾರು!

ಇನ್ನು ನಾವಿರುವುದು ಯಕ್ಷಿಯ ರಾಜ್ಯದಲ್ಲಿ. ದಾರಿಹೋಕನಲ್ಲಿ ಸುಣ್ಣ ಕೇಳಿ, ಕರೆದೊಯ್ದು, ಬೆಳಗಾಗುವಾಗ ಹಲ್ಲು ಉಗುರು ಮಾತ್ರ ಉಳಿಸುವ ಯಕ್ಷಿಯ ಕತೆಗಳು ಕೊಟ್ಟಾರತ್ತಿಲ್ ಶಂಕುಣ್ಣಿಯವರ 'ಐತಿಹ್ಯಮಾಲೆ'ಯಲ್ಲಿವೆ. 1909ರಿಂದ 1934ರವರೆಗೆ ಎಂಟು ಭಾಗಗಳಲ್ಲಿ ಬಂದ ಪುಸ್ತಕ ಅದು. ಅದರಲ್ಲಿ ಕಡಮಟ್ಟತ್ತ್ ಕತ್ತನಾರ್ ಎಂಬ ಪಾದ್ರಿ ಮಾಂತ್ರಿಕ ಯಕ್ಷಿಯ ತಲೆಗೆ ಕಬ್ಬಿಣದ ಮೊಳೆ ಹೊಡೆದು ಮನೆಗೆಲಸದವಳನ್ನಾಗಿ ಮಾಡುತ್ತಾನೆ. ಕೊನೆಗೆ ಅವಳನ್ನು ಬಿಡಿಸುವುದು ಯಾರು? ಕೂದಲಲ್ಲಿ ಮೊಳೆ ಕಂಡು, ಅಯ್ಯೋ ಪಾಪ ಎಂದು ಕಿತ್ತುಬಿಡುವ ಮನೆಯ ಹೆಂಗಸು. ಇದನ್ನು ಏಳನೆಯವರಿಗೆ ಹೇಳಿ ನೋಡಿ. ಹುಡುಗರೆಲ್ಲ ಕತ್ತನಾರ್ ಕಡೆ, ಹುಡುಗಿಯರೆಲ್ಲ ಆ ಹೆಂಗಸಿನ ಕಡೆ.

ಯಕ್ಷಿ ವಾಸಿಸುವ ಏಳಿಲಂಪಾಲ ಎಂದರೆ ಬೇರೆ ಯಾವುದೂ ಅಲ್ಲ, ಆಟಿ ಅಮಾವಾಸ್ಯೆಯ ದಿನ ನಸುಕಿನಲ್ಲಿ ಕಲ್ಲಿನಿಂದ ಜಜ್ಜಿ ತೊಗಟೆ ತಂದು ಕಷಾಯ ಮಾಡಿ ಕುಡಿಯುವ ನಮ್ಮ ಪಾಲೆ ಮರ, ಹಾಲೆ ಮರ. ಮಲಯಾಳಿ ಮಕ್ಕಳಿಗೆ ಅದರಲ್ಲಿ ಯಕ್ಷಿ, ತುಳು ಮನೆಯ ಮಕ್ಕಳಿಗೆ ಅದರಲ್ಲಿ ಕಹಿ. ನಮ್ಮ ಮಕ್ಕಳು ಎರಡನ್ನೂ ಬಲ್ಲರು. ಗಡಿಯಲ್ಲಿ ಹುಟ್ಟಿದ್ದಕ್ಕೆ ಇಂಥ ಲಾಭಗಳೂ ಇವೆ ನೋಡಿ.

ಮಲಯಾಳದವರು ಈ ಯಕ್ಷಿಯನ್ನು ಅಜ್ಜಿಕತೆಗೆ ಬಿಟ್ಟು ಕೂರಲಿಲ್ಲ. 1967ರಲ್ಲಿ ಮಲಯಾಟ್ಟೂರು ರಾಮಕೃಷ್ಣನ್ 'ಯಕ್ಷಿ' ಕಾದಂಬರಿ ಬರೆದರು. ಲ್ಯಾಬಿನ ಅಪಘಾತದಲ್ಲಿ ಮುಖ ಸುಟ್ಟುಹೋದ ಕಾಲೇಜು ಅಧ್ಯಾಪಕನನ್ನು ಚೆಲುವೆಯೊಬ್ಬಳು ಅಸಹ್ಯಪಡದೆ ಮದುವೆಯಾಗುತ್ತಾಳೆ. ಇಷ್ಟು ಒಳ್ಳೆಯವಳು ಮನುಷ್ಯಳೇ ಆಗಿರಲಾರಳು ಎಂಬ ಸಂಶಯ ಅವನನ್ನು ತಿನ್ನುತ್ತದೆ. ಕೋಟ್ಟಯಂ ಪುಷ್ಪನಾಥ್ ಅವರಂತೂ ಡ್ರಾಕುಲನನ್ನೇ ಮಲಯಾಳ ಕಾದಂಬರಿಗೆ ಎಳೆದು ತಂದರು (ಅವರೂ ಶಾಲಾ ಅಧ್ಯಾಪಕರಾಗಿದ್ದವರು ಎಂಬುದು ನಮಗೆ ಹೆಮ್ಮೆಯ ವಿಷಯ!). 2025ರ ಆಗಸ್ಟಿನಲ್ಲಿ ಬಂದ 'ಲೋಕಃ' ಸಿನಿಮಾದಲ್ಲಿ ಕಳ್ಳಿಯಂಕಾಟ್ಟ್ ನೀಲಿ ಎಂಬ ಯಕ್ಷಿಯೇ ನಾಯಕಿ. ಅವಳಿಗೆ ರಕ್ತ ಬೇಕು, ಅವಳು ಬೆಂಗಳೂರಿನಲ್ಲಿ ನೈಟ್ ಡ್ಯೂಟಿ ಮಾಡುತ್ತಾಳೆ, ಎದುರು ಮನೆಯ ಹುಡುಗ ಅವಳ ಹಿಂದೆ ಬೀಳುತ್ತಾನೆ. ಓಣಂ ರಜೆ ಮುಗಿಸಿ ಬಂದ ನಮ್ಮ ಕನ್ನಡ ಮಾಧ್ಯಮದ ಮಕ್ಕಳ ಬಾಯಲ್ಲಿ ಅದೇ ಕತೆ, ಅದೂ ಮಲಯಾಳದಲ್ಲೇ.

ಸರಿ, ಆಕರ್ಷಣೆ ಎಲ್ಲಿದೆ? ಹೆದರಿಕೆಯ ರುಚಿ ಒಂದು ಕಾರಣ, ಅದು ಎಲ್ಲರಿಗೂ ಗೊತ್ತಿರುವಂಥದ್ದು. ಅದಕ್ಕಿಂತ ದೊಡ್ಡದು ಬೇರೆ ಇದೆ. 1897ರಲ್ಲಿ ಬ್ರಾಮ್ ಸ್ಟೋಕರ್ ಬರೆದ 'ಡ್ರಾಕುಲ'ದಲ್ಲಿ ಒಂದು ನಿಯಮ ಬರುತ್ತದೆ. ಮನೆಯ ಒಳಗಿನವರು ಯಾರಾದರೂ ಬಾ ಎಂದು ಕರೆಯದೆ ಅವನು ಮೊದಲ ಸಲ ಹೊಸ್ತಿಲು ದಾಟುವಂತಿಲ್ಲ. ಬೆಟ್ಟ ಹತ್ತಬಲ್ಲ, ಬಾವಲಿಯಾಗಬಲ್ಲ ದೈತ್ಯ ಹೊಸ್ತಿಲಲ್ಲಿ ನಿಂತು ಒಪ್ಪಿಗೆಗೆ ಕಾಯಬೇಕು! 'ಟ್ವೈಲೈಟ್'ನ ಹುಡುಗ ಕೊಲ್ಲುವ ಬಲವಿದ್ದೂ ಕೈ ಕಟ್ಟಿ ನಿಲ್ಲುತ್ತಾನೆ. ನಮ್ಮ ಹುಡುಗಿಯರ ಸುತ್ತ ಬಲವಿದ್ದವರಿಗೆ ಕೊರತೆಯಿಲ್ಲ. ಅಪ್ಪ, ಅಣ್ಣ, ಮಾವ, ಬಸ್ಸಿನಲ್ಲಿ ಮೈಮೇಲೆ ಬೀಳುವವ. ಬಲವಿದ್ದೂ "ನಿನಗೇನು ಬೇಕು?" ಎಂದು ಕೇಳಿ ಉತ್ತರಕ್ಕೆ ಕಾಯುವವರು ಎಷ್ಟು ಮಂದಿ? ಪ್ಲಸ್ ಟುಗೆ ಯಾವ ಗ್ರೂಪ್ ಎಂಬುದನ್ನೂ ಮನೆಯವರೇ ನಿಶ್ಚಯಿಸುವ ಕಡೆ, ಹಾಗೆ ಕೇಳುವವನು ಮನುಷ್ಯನಾಗಿರಲಾರ ಎಂದು ಹುಡುಗಿಗೆ ತೋರಿದರೆ ಆಶ್ಚರ್ಯವೇನು?

ಕನ್ನಡದಲ್ಲಿ ಇದನ್ನೇ ಗಿರೀಶ ಕಾರ್ನಾಡರು 1988ರ 'ನಾಗಮಂಡಲ'ದಲ್ಲಿ ಹಿಡಿದರು. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕತೆಗಳಿಂದ ಹುಟ್ಟಿದ ನಾಟಕ. ಗಂಡ ಅಪ್ಪಣ್ಣ ರಾಣಿಯನ್ನು ಮನೆಯೊಳಗೆ ಕೂಡಿ ಬೀಗ ಹಾಕಿ ಹೋಗುತ್ತಾನೆ, ಮಧ್ಯಾಹ್ನ ಊಟಕ್ಕೆ ಮಾತ್ರ ಬರುತ್ತಾನೆ. ಗಂಡನನ್ನು ಒಲಿಸಲು ಬೇರು ಅರೆದು ಹಾಕಿದ ಸಾರನ್ನು ಅವಳು ಹೆದರಿ ಹುತ್ತಕ್ಕೆ ಸುರಿಯುತ್ತಾಳೆ. ಅದನ್ನು ಕುಡಿದ ನಾಗ ರಾತ್ರಿ ಗಂಡನ ರೂಪದಲ್ಲಿ ಬಂದು ಅವಳೊಂದಿಗೆ ಮಾತಾಡುತ್ತದೆ, ತಲೆ ನೇವರಿಸುತ್ತದೆ, ಅಪ್ಪ ಅಮ್ಮನ ಸುದ್ದಿ ಕೇಳುತ್ತದೆ. ರಾಣಿಗೆ ನಾಗನಲ್ಲಿ ಸಿಕ್ಕಿದ್ದು ಮೊದಲು ಮಾತು, ಆಮೇಲೆ ಉಳಿದದ್ದು. 1997ರಲ್ಲಿ ನಾಗಾಭರಣರು ಸಿನಿಮಾವನ್ನೂ ಮಾಡಿದರು. ಇದನ್ನು ನಾವು ಸಾಹಿತ್ಯ ಎಂದು ಗೌರವಿಸುತ್ತೇವೆ, ಅಮ್ಮನ ಫೋನಿನಲ್ಲಿರುವ ನಾಗನ ಕತೆಯನ್ನು ಕಸ ಎನ್ನುತ್ತೇವೆ. ಬರವಣಿಗೆಯಲ್ಲಿ ಭೂಮಿ ಆಕಾಶದ ಅಂತರ ಇದೆ, ಒಪ್ಪುತ್ತೇವೆ. ಆದರೆ ಹಸಿವು ಒಂದೇ.

ಈಗ ನಮ್ಮ ಊರಿನದೇ ಒಂದು ಸಂಗತಿಗೆ ಬರಬೇಕು. ಮದುವೆಯಾಗದೆ ಸತ್ತವರಿಗೆ ಮದುವೆ ಮಾಡಿಸುವ ಪದ್ಧತಿ ಕಾಸರಗೋಡು, ದಕ್ಷಿಣ ಕನ್ನಡಗಳಲ್ಲಿ ಇದೆ. ತುಳುವಿನಲ್ಲಿ ಕುಲೆ ಮದಿಮೆ. 2024ರಲ್ಲಿ ಪುತ್ತೂರು ಕಡೆಯ ಮನೆಯವರು ಸುಮಾರು 30 ವರ್ಷ ಹಿಂದೆ ತೀರಿಕೊಂಡ ಹೆಣ್ಣುಮಗುವಿಗೆ ಪ್ರೇತ ವರ ಬೇಕು ಎಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟದ್ದು ದೇಶದಲ್ಲೆಲ್ಲ ಸುದ್ದಿಯಾಗಿತ್ತು. ಹೊರಗಿನವರು ನಕ್ಕರು. ನಮಗೆ ನಗು ಬರಲಿಲ್ಲ. ಹೆತ್ತವರ ದುಃಖ ಮೂವತ್ತು ವರ್ಷವಾದರೂ ಆರುವುದಿಲ್ಲ, ಮಗು ಬದುಕಿದ್ದರೆ ಈಗ ಇಷ್ಟು ಪ್ರಾಯ ಎಂದು ಲೆಕ್ಕ ಹಾಕುತ್ತಲೇ ಇರುತ್ತಾರೆ. ಸೀರೆ ತರುತ್ತಾರೆ, ಧಾರೆ ಎರೆಯುತ್ತಾರೆ, ಬಾಳೆ ಎಲೆಯಲ್ಲಿ ಊಟ ಬಡಿಸುತ್ತಾರೆ.

ಆದರೆ ಇಲ್ಲಿಯೂ ಜಾತಿ ನೋಡುತ್ತಾರೆ, ಬರಿ ನೋಡುತ್ತಾರೆ. ಇನ್ನೊಂದು ವಿಷಯ ಗಮನಿಸಿ. ಎಷ್ಟೋ ಕಡೆ ಈ ಮದುವೆಯ ಸುದ್ದಿ ಏಳುವುದು ಮನೆಯಲ್ಲಿ ಕಷ್ಟ ಬಂದು ಜೋಯಿಸರಲ್ಲಿ ಪ್ರಶ್ನೆ ಇಟ್ಟಾಗ. ಸತ್ತ ಹುಡುಗಿ ಮದುವೆ ಕೇಳುತ್ತಿದ್ದಾಳೆ ಎಂದು ಅಲ್ಲಿ ಕಂಡುಬರುತ್ತದೆ. ಕೂಡಲೇ ಇಡೀ ಕುಟುಂಬ ಎದ್ದು ನಿಂತು ಅವಳ ಆಸೆ ನಡೆಸಿಕೊಡುತ್ತದೆ. ಬದುಕಿರುವ ಹುಡುಗಿ "ನನಗೆ ಇಂಥದು ಬೇಕು" ಎಂದರೆ ಬಾಯಿ ಮುಚ್ಚು ಎನ್ನುವ ಮನೆ, ಕುಲೆಯಾಗಿ ಕೇಳಿದರೆ ತಲೆಬಾಗುತ್ತದೆ! ಇಂಥ ಊರಿನ ಹುಡುಗಿ ಸಾವಿಲ್ಲದವನ ಪ್ರೇಮಕತೆಯಲ್ಲಿ ಮುಳುಗಿ ತಾನೇ ಆರಿಸುವ, ತಾನೇ ಬೇಡ ಎನ್ನುವ ನಾಯಕಿಯನ್ನು ನೋಡುತ್ತಾ ಕೂತರೆ ಅವಳಿಗೆ ತಲೆ ಕೆಟ್ಟಿದೆ ಎನ್ನಲು ನಮಗೆ ಮನಸ್ಸು ಬರುವುದಿಲ್ಲ.

ಹಾಗೆಂದು ಈ ಕತೆಗಳೆಲ್ಲ ಚಿನ್ನ ಎಂದು ನಾವು ಹೇಳುತ್ತಿಲ್ಲ. ಹೊಸ್ತಿಲ ನಿಯಮವನ್ನು ಇವು ತಾವೇ ಮುರಿಯುತ್ತವೆ. 'ಟ್ವೈಲೈಟ್'ನ ಹುಡುಗ ಹುಡುಗಿಗೆ ತಿಳಿಯದಂತೆ ರಾತ್ರಿ ಅವಳ ಕೋಣೆಗೆ ನುಗ್ಗಿ ಅವಳು ಮಲಗಿರುವುದನ್ನು ನೋಡುತ್ತಾ ನಿಲ್ಲುತ್ತಾನೆ. ಪುಸ್ತಕ ಇದನ್ನು ಪ್ರೀತಿ ಎನ್ನುತ್ತದೆ. ನಮ್ಮೂರಲ್ಲಿ ಹಾಗೆ ಮಾಡಿದವನಿಗೆ ಏನು ಮಾಡುತ್ತಾರೆಂದು ಗೊತ್ತಲ್ಲ? ಫೋನಿನ ಕತೆಗಳಲ್ಲಿ ಇದು ಇನ್ನೂ ಹೆಚ್ಚು. ಕೆನ್ನೆಗೆ ಹೊಡೆಯುವವನು, ಬೇರೆ ಹುಡುಗನೊಂದಿಗೆ ಮಾತಾಡಬೇಡ ಎನ್ನುವವನು, ದೆವ್ವವಾದ ಕಾರಣ ಅವನಿಗೆ ಎಲ್ಲ ಮಾಫಿ. 'ನಾಗಮಂಡಲ'ದ ನಾಗನೂ ಸುಳ್ಳು ರೂಪದಲ್ಲೇ ಬಂದದ್ದು. ರಾಣಿಗೆ ಗೊತ್ತಿತ್ತೇ, ಗೊತ್ತಿಲ್ಲದಂತೆ ಇದ್ದಳೇ ಎಂಬ ಪ್ರಶ್ನೆಯನ್ನು ಕಾರ್ನಾಡರು ನಮ್ಮ ಕೈಗೇ ಕೊಟ್ಟು ಹೋದರು.

ಇದನ್ನೆಲ್ಲ ಮಾತಾಡಬೇಕಾದ ಜಾಗ ಶಾಲೆ. ಪುಸ್ತಕ ಕಿತ್ತುಕೊಂಡರೆ ಹುಡುಗಿ ಹೊದಿಕೆಯ ಒಳಗೆ ಓದುತ್ತಾಳೆ, ಆಗ ಕೋಣೆಗೆ ನುಗ್ಗಿದವನ ಬಗ್ಗೆ ಅವಳಲ್ಲಿ ಯಾರೂ ಏನೂ ಕೇಳುವುದಿಲ್ಲ.

ಇನ್ನು ಕನ್ನಡದ ಮಾತು. ಪಿ.ಎನ್. ಪಣಿಕ್ಕರ್ ತೀರಿಕೊಂಡ ಜೂನ್ 19ನ್ನು ನಮ್ಮ ರಾಜ್ಯದ ಶಾಲೆಗಳು ವಾಚನ ದಿನವಾಗಿ ಆಚರಿಸುತ್ತವೆ. ಆ ವಾರ ಕನ್ನಡ ಕಪಾಟು ತೆರೆದರೆ ಏನಿದೆ? ಮಹಾಪುರುಷರ ಜೀವನ ಚರಿತ್ರೆ, ನೀತಿಕತೆ, ಗಾದೆಗಳ ಸಂಗ್ರಹ, ರಾಮಾಯಣದ ಐದು ಬೇರೆ ಬೇರೆ ಸಂಕ್ಷೇಪ. ಎಲ್ಲ ಒಳ್ಳೆಯವೇ. ಆದರೆ ಹನ್ನೆರಡು ಹದಿಮೂರರ ಹುಡುಗಿಯನ್ನು ಊಟಕ್ಕೆ ಕರೆದರೂ ಏಳದಂತೆ ಕೂರಿಸುವ ಒಂದು ಪುಸ್ತಕ ಅಲ್ಲಿಲ್ಲ. ಅದು ಅವಳಿಗೆ ಸಿಗುವುದು ಮಲಯಾಳದಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ. ಮಲಯಾಳ ಓದಲಿ, ಬೇಡ ಎನ್ನುವುದಿಲ್ಲ, ನೆರೆಮನೆಯ ಭಾಷೆ. ಆದರೆ ಪರೀಕ್ಷೆಗೆ ಕನ್ನಡ, ಖುಷಿಗೆ ಬೇರೆ ಭಾಷೆ ಎಂದು ಆ ಪ್ರಾಯದಲ್ಲೇ ವಿಂಗಡಣೆಯಾದರೆ ಹತ್ತನೆಯ ನಂತರ ಅವಳು ಕನ್ನಡ ಪುಸ್ತಕ ಮುಟ್ಟುವುದಿಲ್ಲ. ಮುಂದೆ ತನ್ನ ಮಗುವನ್ನು ಕನ್ನಡ ಮಾಧ್ಯಮಕ್ಕೆ ಕಳಿಸುವುದು ದೂರದ ಮಾತು. ಒಂದನೇ ಕ್ಲಾಸಿಗೆ ಮಕ್ಕಳಿಲ್ಲ ಎಂದು ಪ್ರತಿ ವರ್ಷ ಮನೆ ಮನೆ ಅಲೆಯುವ ನಮಗೆ ಈ ಲೆಕ್ಕ ಚೆನ್ನಾಗಿ ಗೊತ್ತು.

ಕನ್ನಡದಲ್ಲಿ ಇಂಥದು ಇರಲಿಲ್ಲವೆಂದಲ್ಲ. 1980ರ ದಶಕದಲ್ಲಿ ಯಂಡಮೂರಿ ವೀರೇಂದ್ರನಾಥರ 'ತುಳಸಿದಳ' ತೆಲುಗಿನಿಂದ ಕನ್ನಡಕ್ಕೆ ಬಂದಾಗ ಮಾಟದ ಹೆದರಿಕೆಯಲ್ಲಿ ಎಷ್ಟು ಮನೆಗಳಲ್ಲಿ ರಾತ್ರಿ ದೀಪ ಆರಿಸಲಿಲ್ಲವೋ! ಅದು ಪ್ರೇಮಕತೆಯಲ್ಲ, ಬರೀ ಭಯ. ಆದರೂ ವಾರಪತ್ರಿಕೆಯ ಧಾರಾವಾಹಿಗಾಗಿ ಅಂಗಡಿ ಮುಂದೆ ಕಾಯುತ್ತಿದ್ದ ಆ ಕಾಲದ ಹುಡುಗಿಯರೇ ಇಂದಿಗೂ ಕನ್ನಡ ಓದುತ್ತಿರುವ ಅಮ್ಮಂದಿರು, ಅಜ್ಜಿಯಂದಿರು. ರವಿ ಬೆಳಗೆರೆಯವರ 'ಮಾಟಗಾತಿ'ಯನ್ನೂ ಅವರು ಬಿಡಲಿಲ್ಲ.

ಆದ್ದರಿಂದ ನಮ್ಮ ಕೋರಿಕೆ ಇಷ್ಟು. ಹೈಸ್ಕೂಲು, ಹೈಯರ್ ಸೆಕೆಂಡರಿಯ ಗೆಳೆಯರು ಈ ಸಲದ ಲೈಬ್ರರಿ ಹಣದಲ್ಲಿ 'ನಾಗಮಂಡಲ'ದ ನಾಲ್ಕಾರು ಪ್ರತಿ ತರಿಸಲಿ. 'ಯಕ್ಷಿ'ಯನ್ನು ಮಲಯಾಳ ಬಲ್ಲ ನಮ್ಮ ಪ್ಲಸ್ ಟು ಮಕ್ಕಳು ಓದಿ, ಕನ್ನಡದಲ್ಲಿ ಟಿಪ್ಪಣಿ ಬರೆಯಲಿ. ಚಿಕ್ಕವರಿಗೆ ಹಿಡಿಂಬೆ, ಮೊಳೆ ಕಿತ್ತ ಹೆಂಗಸು ಸಾಕು, ಅದನ್ನು ನಾವೇ ಹೇಳಿಕೊಳ್ಳುತ್ತೇವೆ. ಹಾಗೆಯೇ ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ 'ತರಂಗ', 'ಸುಧಾ'ದಿಂದ ಧಾರಾವಾಹಿಯ ಪುಟಗಳನ್ನು ಕತ್ತರಿಸಿ ಹೊಲಿದಿಟ್ಟ ಕಟ್ಟುಗಳಿದ್ದರೆ ಗುಜರಿಗೆ ಕೊಡಬೇಡಿ. ಗೆದ್ದಲು ಹಿಡಿದಿದ್ದರೂ ಚಿಂತೆಯಿಲ್ಲ, ಹತ್ತಿರದ ಕನ್ನಡ ಶಾಲೆಗೆ ತಲುಪಿಸಿ. ಕೊನೆಯ ಪುಟ ಹರಿದಿದ್ದರೆ ಅಮ್ಮಂದಿರಲ್ಲಿ ಕೇಳಿದರಾಯಿತು, ಅವರಿಗೆ ನೆನಪಿರುತ್ತದೆ.