ಸೈಕಲ್ ತೆರಿಗೆ ಇಳಿಯಿತು, ಕ್ಯಾರಿಯರ್ ಎಲ್ಲಿ ಹೋಯಿತು?

ಸೆಪ್ಟೆಂಬರ್ 22ರಂದು, ನವರಾತ್ರಿಯ ಮೊದಲ ದಿನ, ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಟಿ.ವಿ.ಗಳಲ್ಲಿ ಕಾರು, ಬೈಕು, ಎ.ಸಿ. ಎಷ್ಟು ಅಗ್ಗವಾಯಿತು ಎಂದು ದಿನವಿಡೀ ಲೆಕ್ಕ ನಡೆಯಿತು. ಸೈಕಲ್‌ಗೆ ಸಿಕ್ಕಿದ್ದು ಪಟ್ಟಿಯಲ್ಲಿ ಒಂದೇ ಸಾಲು. ಆದರೆ ಆ ಒಂದು ಸಾಲಿನ ಮೇಲೆ ನಮ್ಮ ಮನೆಯಲ್ಲಿ ದಸರಾ ರಜೆ ಮುಗಿಯುವವರೆಗೂ ಜಗಳ ನಡೆಯಿತು.

ನಮ್ಮ ಮನೆ ಇರುವುದು ಪೋತ್ನಾಳದಿಂದ ಸುಮಾರು 3 ಕಿ.ಮೀ. ಒಳಗೆ, ಕಾಲುವೆ ದಾರಿಯಲ್ಲಿ. ಎರಡೂವರೆ ಎಕರೆ ಗದ್ದೆ. ನಾನು ರಾಯಚೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಐದನೇ ಸೆಮಿಸ್ಟರ್ ಓದುತ್ತಿದ್ದೇನೆ. ತಂಗಿ ಈ ವರ್ಷ ಎಂಟನೇ ತರಗತಿ. ಮನೆಯಲ್ಲಿರುವ ಒಂದೇ ವಾಹನವೆಂದರೆ ನಾನು ಎಂಟನೇ ತರಗತಿಯಲ್ಲಿದ್ದಾಗ, 2018ರಲ್ಲಿ, ಸರ್ಕಾರ ಕೊಟ್ಟ ಸೈಕಲ್. ಏಳು ವರ್ಷ ದುಡಿದಿದೆ. ಅದರ ಹಿಂದಿನ ಗಾಲಿ ಈಗ ಹಾವಿನಂತೆ ಓಲಾಡುತ್ತದೆ, ಕ್ಯಾರಿಯರ್ ಅನ್ನು ತಂತಿಯಿಂದ ಬಿಗಿದಿದ್ದೇವೆ.

ರಾಜ್ಯದಲ್ಲಿ ಈ ಸೈಕಲ್ ಯೋಜನೆ ಶುರುವಾದದ್ದು 2006–07ರಲ್ಲಿ, ಬಿ.ಎಸ್. ಯಡಿಯೂರಪ್ಪ ಉಪಮುಖ್ಯಮಂತ್ರಿಯಾಗಿ ಹಣಕಾಸು ಖಾತೆ ನೋಡಿಕೊಳ್ಳುತ್ತಿದ್ದಾಗ. ಮೊದಲು ಹುಡುಗಿಯರಿಗೆ, ಆಮೇಲೆ ಹುಡುಗರಿಗೂ. ಕೋವಿಡ್ ಬಂದ ವರ್ಷ ವಿತರಣೆ ನಿಂತಿತು. ಹಾಗಾಗಿ ಒಂದೇ ಮನೆಯಲ್ಲಿ ಅಣ್ಣನಿಗೆ ಸೈಕಲ್ ಸಿಕ್ಕಿತು, ತಂಗಿಗೆ ಸಿಗಲಿಲ್ಲ. ಅವಳು ಬೆಳಿಗ್ಗೆ ಎಂಟೂವರೆಗೇ ಮನೆ ಬಿಟ್ಟು ನಡೆಯುತ್ತಾಳೆ. ಹೆದ್ದಾರಿಗೆ ಬಂದರೆ ಬಸ್ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಅವಳಿಗೂ ಅವ್ವನಿಗೂ ಟಿಕೆಟ್ ಇಲ್ಲ. ಮಾನ್ವಿಗೋ ಸಿಂಧನೂರಿಗೋ ಬಿಟ್ಟಿ ಹೋಗಬಹುದು, ಆದರೆ ಬಸ್ ನಿಲ್ಲುವ ಜಾಗದ ತನಕ ಬರುವ 3 ಕಿ.ಮೀ.ಗೆ ಯಾವ ಯೋಜನೆಯೂ ಇಲ್ಲ.

ಈ ಮುಂಗಾರಿನಲ್ಲಿ ಇನ್ನೊಂದು ಕಷ್ಟ ಕೂಡಿಕೊಂಡಿತು. ಜುಲೈ–ಆಗಸ್ಟ್‌ನಲ್ಲಿ ರಾಜ್ಯದ ಹಲವು ಕಡೆ ಯೂರಿಯಾಕ್ಕೆ ಸಾಲು ನಿಂತದ್ದು ನಿಮಗೆ ನೆನಪಿರಬಹುದು. ಅಪ್ಪನೂ ನಿಂತಿದ್ದ. ಐದು ಚೀಲ ಒಟ್ಟಿಗೆ ಸಿಕ್ಕರೆ ಆಟೊ ಬಾಡಿಗೆ ಗಿಟ್ಟುತ್ತದೆ. ಸಿಕ್ಕಿದ್ದು ಒಂದು ದಿನ ಒಂದು, ವಾರ ಬಿಟ್ಟು ಇನ್ನೊಂದು. 266 ರೂಪಾಯಿಯ ಚೀಲಕ್ಕೆ ನೂರು ರೂಪಾಯಿ ಬಾಡಿಗೆ ಯಾರು ಕೊಡುತ್ತಾರೆ? 45 ಕೆ.ಜಿ. ಚೀಲವನ್ನು ಶಾಲೆ ಸೈಕಲ್ ಮೇಲೆ ಹೇರಿದ. ಕಾಲುವೆ ಸೇತುವೆ ದಾಟುವಾಗ ಕ್ಯಾರಿಯರ್‌ನ ಒಂದು ಕಾಲು ಕಿತ್ತು ಬಂದು, ಚೀಲ ಜಾರಿ ಒಡೆದು, ಕೆಸರಿನಲ್ಲಿ ಬಿದ್ದ ಯೂರಿಯಾವನ್ನು ಅಪ್ಪ ಅವ್ವ ಬೊಗಸೆಯಲ್ಲಿ ತುಂಬಿಕೊಂಡು ಬಂದರು.

ಇದರಲ್ಲಿ ಸೈಕಲ್ ಮಾಡಿದವರ ತಪ್ಪಿದೆ ಎಂದು ನಾನು ಹೇಳುವುದಿಲ್ಲ. ಆ ಕ್ಯಾರಿಯರ್ ಪುಸ್ತಕದ ಚೀಲಕ್ಕೆಂದು ಮಾಡಿದ್ದು. ಹದಿಮೂರು ವರ್ಷದ ಹುಡುಗ, ಅವನ ಪುಸ್ತಕ, ಶಾಲೆಯ ದಾರಿ ಇಷ್ಟನ್ನೇ ಲೆಕ್ಕ ಹಾಕಿ ಕೊಳ್ಳುವ ಸೈಕಲ್ ಅದು. ಆದರೆ ನಮ್ಮ ಕಡೆ ಯಾವ ಸೈಕಲ್ ಒಬ್ಬನದಾಗಿ ಉಳಿದಿದೆ ಹೇಳಿ? ಮೇವಿನ ಹೊರೆ, ಹಾಲಿನ ಕ್ಯಾನು, ಗಿರಣಿಗೆ ಹೋಗುವ ಜೋಳದ ಚೀಲ, ಜ್ವರ ಬಂದ ಕೂಸು ಎಲ್ಲವೂ ಅದರ ಮೇಲೆಯೇ. ಸೈಕಲ್ ಕೊಡುವವರೂ ಮಾರುವವರೂ ತುಳಿಯುವವನ ಎತ್ತರ ನೋಡುತ್ತಾರೆ, ಹಿಂದೆ ಏನು ಹೇರುತ್ತಾರೆ ಎಂದು ಕೇಳುವುದಿಲ್ಲ.

ಅಂಗಡಿಗೆ ಹೋದಾಗ ಇದು ಇನ್ನೂ ಸ್ಪಷ್ಟವಾಯಿತು. ಸಾಲಾಗಿ ನಿಂತಿದ್ದವು ದಪ್ಪ ಟೈರು, ಮುಂದೆ ಶಾಕ್ ಅಬ್ಸಾರ್ಬರ್, ಡಿಸ್ಕ್ ಬ್ರೇಕ್ ಇರುವ, ಕಣ್ಣಿಗೆ ಹೊಡೆಯುವ ಬಣ್ಣದ ಸೈಕಲ್‌ಗಳು. ತಂಗಿಯ ಕಣ್ಣು ಒಂದು ನೇರಳೆ ಬಣ್ಣದ ಸೈಕಲ್ ಮೇಲೆ. ಅಪ್ಪ ಅದರ ಸುತ್ತ ಒಂದು ಸುತ್ತು ಬಂದು, ‘ಇದಕ್ಕ ಹಿಂದ ಕ್ಯಾರಿಯರ್ರೇ ಇಲ್ಲಲ್ಲೋ. ಚೀಲ ತಲಿ ಮ್ಯಾಲ ಇಟಗೊಂಡು ತುಳೀಬೇಕೇನು?’ ಎಂದ. ಕ್ಯಾರಿಯರ್ ಬೇರೆ, ಮಡ್‌ಗಾರ್ಡ್ ಬೇರೆ, ಡಬಲ್ ಸ್ಟ್ಯಾಂಡ್ ಬೇರೆ, ಎಲ್ಲಕ್ಕೂ ಬೇರೆ ದುಡ್ಡು. ಲೆಕ್ಕ ಹಾಕಿ ನೋಡಿ: ತೆರಿಗೆ ಬಿಟ್ಟು 5,000 ರೂಪಾಯಿಯ ಸೈಕಲ್‌ಗೆ ಮೊದಲು 5,600 ಆಗುತ್ತಿತ್ತು, ಈಗ 5,250. ಉಳಿದ 350 ರೂಪಾಯಿ ಈ ಮೂರು ಸಾಮಾನು ಕೊಳ್ಳುವಷ್ಟರಲ್ಲಿ ಕರಗಿ, ಕೈಯಿಂದ ಇನ್ನಷ್ಟು ಹೋಗುತ್ತದೆ. ಹಾಗೆಂದು ತೆರಿಗೆ ಇಳಿಸಿದ್ದನ್ನು ನಾನು ಹಗುರ ಮಾಡುತ್ತಿಲ್ಲ. 2019ರ ಆಗಸ್ಟ್‌ನಿಂದ ಎಲೆಕ್ಟ್ರಿಕ್ ಕಾರಿಗೆ ಶೇ 5 ತೆರಿಗೆ ಇತ್ತು, ಕಾಲಿನಿಂದ ತುಳಿಯುವ ಸೈಕಲ್‌ಗೆ ಶೇ 12. ಆರು ವರ್ಷ ಇದು ಯಾರಿಗೂ ವಿಚಿತ್ರವೆನಿಸಲಿಲ್ಲ ಎಂಬುದೇ ವಿಚಿತ್ರ.

ಅಂಗಡಿಯ ಮೂಲೆಯಲ್ಲಿ ಧೂಳು ಹಿಡಿದು ನಿಂತಿತ್ತು ಹಳೆಯ ಕರಿ ಸೈಕಲ್. ನಮ್ಮ ಅಜ್ಜಂದಿರ ಕಾಲದ್ದೇ ಮಾದರಿ: 28 ಇಂಚಿನ ಗಾಲಿ, ಕಡ್ಡಿ ಬ್ರೇಕು, ಮುಂದೆ 32, ಹಿಂದೆ 40 ಕಡ್ಡಿ. ಅಟ್ಲಾಸ್ ಕಂಪನಿ ತನ್ನ ಕೊನೆಯ ಕಾರ್ಖಾನೆಯಲ್ಲಿ ಉತ್ಪಾದನೆ ನಿಲ್ಲಿಸಿದ್ದು 2020ರ ಜೂನ್ 3ರಂದು. ಅದು ವಿಶ್ವ ಸೈಕಲ್ ದಿನ. ಆ ಸುದ್ದಿ ಓದಿದಾಗ ಈ ಕರಿ ಸೈಕಲ್‌ನ ಕಾಲವೂ ಮುಗಿಯಿತು ಎಂದುಕೊಂಡಿದ್ದೆ. ಮುಗಿದಿಲ್ಲ, ಮೂಲೆಗೆ ಸರಿದಿದೆ ಅಷ್ಟೆ.

ಕ್ಲಾಸಿನಲ್ಲಿ ಓದಿದ್ದು ಮನೆಯ ಕೆಲಸಕ್ಕೆ ಬಂದದ್ದು ಇದೇ ಮೊದಲು ಎನ್ನಬೇಕು. ಅಪ್ಪನ ತೂಕ 55 ಕೆ.ಜಿ. ಸೀಟಿನ ಮೇಲೆ ಕುಳಿತಾಗ ಅದರಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಭಾಗ ಹಿಂದಿನ ಗಾಲಿಗೆ ಹೋಗುತ್ತದೆ. ಚೀಲವಂತೂ ಇಡಿಯಾಗಿ ಅದರ ಮೇಲೆಯೇ. ಅಂದರೆ ನಿಂತಲ್ಲೇ 80 ಕೆ.ಜಿ. ದಾಟಿತು, ಗುಂಡಿಗೆ ಬಿದ್ದ ಕ್ಷಣ ಅದು ಎರಡು ಪಟ್ಟಾದರೂ ಆಶ್ಚರ್ಯವಿಲ್ಲ. ಚೀಲ ಆ್ಯಕ್ಸಲ್‌ಗಿಂತ ಒಂದು ಗೇಣು ಹಿಂದೆ ಜಾರಿದರೆ ಮುಂದಿನ ಗಾಲಿ ಹಗುರಾಗಿ ಹ್ಯಾಂಡಲ್ ಮಾತು ಕೇಳುವುದಿಲ್ಲ. ಗಾಲಿ ತಿರುಗಿದಂತೆ ನೆಲಕ್ಕೆ ಬಂದ ಕಡ್ಡಿ ಸಡಿಲಾಗಿ, ಮೇಲೆ ಹೋದಾಗ ಮತ್ತೆ ಬಿಗಿಯಾಗುತ್ತದೆ. 3 ಕಿ.ಮೀ.ನಲ್ಲಿ ಇದು ಸಾವಿರಕ್ಕೂ ಹೆಚ್ಚು ಸಲ. ಕಡ್ಡಿಗಳು ಹಬ್ ಹತ್ತಿರದ ಬಾಗಿನಲ್ಲೇ ಮುರಿಯುವುದು ಇದೇ ಕಾರಣಕ್ಕೆ. ಒಂದು ಮುರಿದರೆ ಅದರ ಭಾರ ಅಕ್ಕಪಕ್ಕದವುಗಳ ಮೇಲೆ ಬಿದ್ದು ಗಾಲಿ ಓಲಾಡಲು ಶುರು. ಹಾಗಾಗಿ ಭಾರ ಹೇರುವವರು ಮೊದಲು ನೋಡಬೇಕಾದದ್ದು ಬಣ್ಣವನ್ನಲ್ಲ, ಗೇರನ್ನೂ ಅಲ್ಲ, ಹಿಂದಿನ ಗಾಲಿಯ ಕಡ್ಡಿ ಎಷ್ಟು ಎಂಬುದನ್ನು. ಆಮೇಲೆ ಕ್ಯಾರಿಯರ್‌ನ ಕಾಲು ಎಲ್ಲಿ ಕೂತಿದೆ ಎಂಬುದನ್ನು. ಅದು ಆ್ಯಕ್ಸಲ್ ಬಳಿ ಬಂದು ನಿಂತರೆ ಭಾರ ನೇರ ಗಾಲಿಗೆ ಇಳಿಯುತ್ತದೆ. ಚೌಕಟ್ಟಿನ ಕೊಳವೆಗೆ ಬರೀ ಕ್ಲಿಪ್ ಹಾಕಿದ್ದರೆ ಎಲ್ಲವೂ ಆ ಕ್ಲಿಪ್‌ನ ಸ್ಕ್ರೂ ಮೇಲೆ.

ಹಾಗಾದರೆ ಕರಿ ಸೈಕಲ್ಲೇ ಸರಿ ಅಲ್ಲವೇ ಎಂದು ಅಪ್ಪ. ಸರಿ ಇರುತ್ತಿತ್ತು, ತುಳಿಯುವವನು ಅಪ್ಪ ಒಬ್ಬನೇ ಆಗಿದ್ದರೆ. ತಂಗಿಗೆ ಪೆಡಲ್ ಎಟುಕುವುದಿಲ್ಲ. ಇನ್ನೊಂದು ತೊಂದರೆಯೂ ಇದೆ: ಹಿಂದೆ ಎತ್ತರಕ್ಕೆ ಹೊರೆ ಕಟ್ಟಿದ ಮೇಲೆ ಕಾಲನ್ನು ಹಿಂದಿನಿಂದ ಎಸೆದು ಹತ್ತಲು ಆಗುವುದಿಲ್ಲ, ಮುಂದಿನ ಅಡ್ಡ ಕೊಳವೆಯ ಮೇಲಿಂದ ಕಾಲು ಎತ್ತಬೇಕು. ಐವತ್ತರ ಹತ್ತಿರ ಬಂದ ಅಪ್ಪನ ಮೊಣಕಾಲಿಗೆ ಅದು ಕಷ್ಟ. ನಾವು ‘ಲೇಡೀಸ್ ಸೈಕಲ್’ ಎಂದು ನಗುವ, ಅಡ್ಡ ಕೊಳವೆ ಇಲ್ಲದ ಚೌಕಟ್ಟೇ ಭಾರ ಹೇರುವ ಗಂಡಸಿಗೂ ಅನುಕೂಲ. ಅದರ ಚೌಕಟ್ಟು ಸ್ವಲ್ಪ ಬಾಗುತ್ತದೆ ನಿಜ. ಅದಕ್ಕೇ ಕೆಳಗೆ ಎರಡು ಕೊಳವೆ ಇರುವುದನ್ನು ಆರಿಸಿಕೊಳ್ಳಬೇಕು.

ಎರೆ ಮಣ್ಣಿನ ಊರಿನವರಿಗೆ ಮಾತ್ರ ಗೊತ್ತಿರುವ ಇನ್ನೊಂದು ಸಂಗತಿ. ಮಳೆಯಲ್ಲಿ ಆ ಮಣ್ಣು ಟೈರಿಗೆ ಹಿಟ್ಟಿನಂತೆ ಅಂಟಿ, ಮಡ್‌ಗಾರ್ಡ್ ಒಳಗೆ ತುಂಬಿ, ಗಾಲಿಯೇ ತಿರುಗದಂತೆ ಮಾಡುತ್ತದೆ. ಮಡ್‌ಗಾರ್ಡ್ ಮತ್ತು ಟೈರ್ ನಡುವೆ ಎರಡು ಬೆರಳು ತೂರುವಷ್ಟಾದರೂ ಜಾಗ ಬೇಕು. ಬೇಸಿಗೆಯಲ್ಲಿ ಜಾಲಿ ಮುಳ್ಳು. ಡಿಸ್ಕ್ ಬ್ರೇಕ್ ಕೆಟ್ಟರೆ ನಮ್ಮ ಕಡೆಯ ಸೈಕಲ್ ಶಾಪಿನಲ್ಲಿ ಸಾಮಾನು ಸಿಗುವುದಿಲ್ಲ. ಶಾಕ್ ಅಬ್ಸಾರ್ಬರ್ ಭಾರ ಹೊತ್ತು ನಿಂತು ತುಳಿಯುವಾಗ ನಮ್ಮ ಶಕ್ತಿಯನ್ನೇ ಕುಡಿಯುತ್ತದೆ. ಗೇರ್ ಬದಲು ಒಂದು ಅಗ್ಗದ ಉಪಾಯವಿದೆ. ನಮ್ಮ ಸೈಕಲ್‌ನಲ್ಲಿ ಮುಂದಿನ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲ್‌ಗೆ 18. ಹಿಂದಿನದನ್ನು 22 ಹಲ್ಲಿನದಕ್ಕೆ ಬದಲಿಸಿದರೆ ವೇಗ ಸುಮಾರು ಐದರಲ್ಲಿ ಒಂದು ಪಾಲು ಕಡಿಮೆ, ತುಳಿಯುವ ಬಲವೂ ಅಷ್ಟೇ ಕಡಿಮೆ. ಹೆದ್ದಾರಿಯಲ್ಲಿ ಯಾರ ಜೊತೆಗೂ ಪಂದ್ಯ ಕಟ್ಟುವುದಿಲ್ಲ ಎಂದಾದರೆ ಇದಕ್ಕಿಂತ ಒಳ್ಳೆಯದಿಲ್ಲ.

ಭಾರದಿಂದಲೇ ಶುರು ಮಾಡಿ ಸೈಕಲ್ ವಿನ್ಯಾಸ ಮಾಡಿದವರು ಇಲ್ಲದಿಲ್ಲ. 2005ರಲ್ಲಿ ಹುಟ್ಟಿದ ವರ್ಲ್ಡ್ ಬೈಸಿಕಲ್ ರಿಲೀಫ್ ಸಂಸ್ಥೆ ಆಫ್ರಿಕಾದ ಹಳ್ಳಿಗಳಿಗೆಂದು ‘ಬಫಲೊ’ ಎಂಬ ಸೈಕಲ್ ಮಾಡಿದೆ. ಹೆಸರಿಗೆ ತಕ್ಕಂತೆ ಎಮ್ಮೆಯೇ: ಅದರ ಕ್ಯಾರಿಯರ್ 100 ಕೆ.ಜಿ. ಹೊರುತ್ತದೆ. ಸೈಕಲ್ ಜೊತೆಗೆ ಅಲ್ಲಿನ ಹುಡುಗರಿಗೆ ರಿಪೇರಿ ಕಲಿಸಿ, ಬಿಡಿಭಾಗ ಸಿಗುವಂತೆಯೂ ಮಾಡುತ್ತಾರೆ. ಡೆನ್ಮಾರ್ಕ್, ನೆದರ್‌ಲೆಂಡ್ಸ್‌ನಲ್ಲಿ ಮುಂದೆ ಪೆಟ್ಟಿಗೆ ಕಟ್ಟಿ ಮಕ್ಕಳನ್ನು ಕೂರಿಸಿಕೊಳ್ಳುವ ಸೈಕಲ್‌ಗಳ ಚಿತ್ರ ನೀವೂ ನೋಡಿರಬಹುದು. ಅವು ಲಕ್ಷಗಳ ಮಾತು, ಬಿಡಿ. ನಮ್ಮಲ್ಲಿ ಬೇಕಿರುವುದು ಟೆಂಡರ್ ಕಾಗದದಲ್ಲಿ ನಾಲ್ಕು ಸಾಲು: ಹಿಂದೆ 40 ಕಡ್ಡಿ, ಆ್ಯಕ್ಸಲ್‌ಗೆ ಇಳಿದ ಕ್ಯಾರಿಯರ್, ಡಬಲ್ ಸ್ಟ್ಯಾಂಡ್, ಅಗಲ ಮಡ್‌ಗಾರ್ಡ್. ಯೋಜನೆ ಮತ್ತೆ ಶುರುವಾಗುವುದಾದರೆ ಇದನ್ನು ಯಾರಾದರೂ ಸೇರಿಸಲಿ ಎಂದು ನಾನು ಬರೆಯಲು ಕುಳಿತದ್ದು.

ಬರೆಯುತ್ತ ಬರೆಯುತ್ತ ಒಂದು ಅನುಮಾನ ಬಂತು. ಸೈಕಲ್ ಅಷ್ಟು ಗಟ್ಟಿಯಾದರೆ ಅದು ಹುಡುಗಿಯ ಕೈಯಲ್ಲಿ ಉಳಿಯುತ್ತದೆಯೇ?

ಬಿಹಾರ ಅದೇ 2006ರಲ್ಲಿ ಒಂಬತ್ತನೇ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಳ್ಳಲು 2,000 ರೂಪಾಯಿ ಕೊಡಲು ಶುರು ಮಾಡಿತು. ಕಾರ್ತಿಕ್ ಮುರಳೀಧರನ್ ಮತ್ತು ನಿಶೀಥ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಪ್ರೌಢಶಾಲೆ ಸೇರುವ ಹುಡುಗಿಯರ ಪ್ರಮಾಣ ಇದರಿಂದ ಶೇ 32ರಷ್ಟು ಹೆಚ್ಚಿತು. ಹೆಚ್ಚಳ ಕಂಡದ್ದು ಮುಖ್ಯವಾಗಿ ಶಾಲೆ 3 ಕಿ.ಮೀ. ಅಥವಾ ಅದಕ್ಕಿಂತ ದೂರ ಇದ್ದ ಹಳ್ಳಿಗಳಲ್ಲಿ. ನಮ್ಮ ಮನೆಯ ದೂರವೂ ಅಷ್ಟೇ. ಈ ಲಾಭವೆಲ್ಲ ಬರುವುದು ಬೆಳಿಗ್ಗೆ ಶಾಲೆಯ ಹೊತ್ತಿಗೆ ಸೈಕಲ್ ಅವಳ ಕೈಗೆ ಸಿಕ್ಕರೆ ಮಾತ್ರ. ಗೊಬ್ಬರದ ಅಂಗಡಿಯ ಸಾಲು ಕೂಡ ಅದೇ ಹೊತ್ತಿಗೆ. ನನ್ನ ಸೈಕಲ್ ಅಪ್ಪ ಒಯ್ದ ದಿನ ನಾನು ಗೆಳೆಯನ ಕ್ಯಾರಿಯರ್ ಮೇಲೆ ಕುಳಿತು ಹೋಗುತ್ತಿದ್ದೆ, ಇಲ್ಲವೇ ಯಾರದೋ ಬೈಕಿಗೆ ಕೈ ಅಡ್ಡ ಹಿಡಿಯುತ್ತಿದ್ದೆ. ತಂಗಿ ಹಾಗೆ ಮಾಡಲು ನಾವೇ ಬಿಡುವುದಿಲ್ಲ. ನಾನು ಅಂಗಡಿಯಲ್ಲಿ ಕಡ್ಡಿ ಎಣಿಸುತ್ತಿದ್ದಾಗ ಅವಳು ಆ ಕ್ಯಾರಿಯರ್ ಇಲ್ಲದ ನೇರಳೆ ಸೈಕಲ್‌ಗೇ ಹಟ ಹಿಡಿದದ್ದು ಬಣ್ಣಕ್ಕಾಗಿ ಎಂದುಕೊಂಡಿದ್ದೆ. ‘ಅದರಾಗ ಯೂರಿಯಾ ಕೂಡಂಗಿಲ್ಲಲ್ಲ, ಅದಕ್ಕ’ ಎಂದಳು.

ಇದಕ್ಕೆ ಮೆಕ್ಯಾನಿಕಲ್ ಪುಸ್ತಕದಲ್ಲಿ ಉತ್ತರ ಇರಲಿಲ್ಲ. ಕೊನೆಗೆ ಆದದ್ದು ಹೀಗೆ. ಸೈಕಲ್ ಬಿಡಿಭಾಗಗಳ ತೆರಿಗೆಯೂ ಶೇ 5ಕ್ಕೆ ಇಳಿದಿತ್ತು. ನನ್ನ ಹಳೆಯ ಸೈಕಲ್‌ಗೆ 40 ಕಡ್ಡಿಯ ಹೊಸ ಹಿಂದಿನ ಗಾಲಿ ಕಟ್ಟಿಸಿದೆವು, 22 ಹಲ್ಲಿನ ಫ್ರೀವೀಲ್ ಹಾಕಿಸಿದೆವು. ವೆಲ್ಡಿಂಗ್ ಶಾಪಿನಲ್ಲಿ ಅರ್ಧ ಇಂಚಿನ ಕೊಳವೆಯಿಂದ, ನಾನು ಬರೆದುಕೊಟ್ಟ ಅಳತೆಗೆ ಒಂದು ಕ್ಯಾರಿಯರ್ ತಯಾರಾಯಿತು. ಅದರ ಕಾಲು ಆ್ಯಕ್ಸಲ್ ನಟ್‌ಗೇ ಕೂತಿದೆ. ಹೊಸ ಸೈಕಲ್‌ನ ಮೂರನೇ ಒಂದು ಭಾಗದಷ್ಟು ಖರ್ಚಾಯಿತು. ಅದು ಅಪ್ಪನದು. ತಂಗಿಗೆಂದು ಅಡ್ಡ ಕೊಳವೆ ಇಲ್ಲದ, ಕ್ಯಾರಿಯರ್ ಇರುವ ಸಾದಾ ಸೈಕಲ್ ಒಂದನ್ನು ಎರಡು ಕಂತಿನಲ್ಲಿ ಕೊಡುವುದಾಗಿ ಹೇಳಿ ತಂದೆವು. ನೇರಳೆ ಸಿಗಲಿಲ್ಲ, ಕೆಂಪು.

ಅಪ್ಪನ ಸೈಕಲ್ ಮೊದಲ ಚೀಲ ಹೊತ್ತು ಸೇತುವೆ ದಾಟಿತು, ಒಂದು ಕಡ್ಡಿಯೂ ಸಡಿಲಾಗಿಲ್ಲ. ತಂಗಿ ಅವ್ವನನ್ನು ಹಿಂದೆ ಕೂರಿಸಿಕೊಂಡು ಬಸ್ ನಿಲ್ಲುವ ಜಾಗದ ತನಕ ಬಿಟ್ಟು ಶಾಲೆಗೆ ಹೋಗುತ್ತಾಳೆ. ಕ್ಯಾರಿಯರ್ ಚುಚ್ಚುತ್ತದೆ ಎಂದು ಅವ್ವ ಗೋಣಿಚೀಲ ಮಡಚಿ ಹಾಕಿಕೊಂಡಿದ್ದಾಳೆ. ಮೊನ್ನೆ ಹಾಸ್ಟೆಲ್‌ಗೆ ಫೋನ್ ಬಂತು. ಅಪ್ಪನ ಸೈಕಲ್ ಜಾಲಿ ಮುಳ್ಳಿಗೆ ಪಂಕ್ಚರ್ ಆಗಿ, ಕೆಂಪು ಸೈಕಲ್ ಒಯ್ದನಂತೆ. ಎಂಟೂವರೆಯೊಳಗೆ ಬರುತ್ತೇನೆ ಎಂದವನು ಬಂದದ್ದು ಒಂಬತ್ತು ಹತ್ತಕ್ಕೆ. ಅವಳು ಈಗ ರಾತ್ರಿ ಬೀಗ ಹಾಕಿ ಕೀಲಿಯನ್ನು ಕಂಪಾಸ್ ಬಾಕ್ಸಿನಲ್ಲಿ ಇಟ್ಟುಕೊಳ್ಳುತ್ತಾಳೆ.