ಚಿನ್ನ ಹೊದ್ದ ಕನ್ನಡಿಗಳು
ಬಾಂದ್ರಾದಲ್ಲಿ ಚರ್ಚ್‌ಗೇಟ್ ಲೋಕಲ್ ಹತ್ತುವ ನಮ್ಮ ಕನ್ನಡದ ಮಕ್ಕಳು ಕೊಲಾಬದ ತುದಿಯಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಒಂದು ಕೆಲಸವನ್ನು ಅರಿತಿರಬೇಕು ಎಂಬುದು ನನ್ನ ಆಸೆ. 1945ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ಅದೇ ವರ್ಷ ಮುಂಬಯಿಗೆ ಬಂದ ಸಂಸ್ಥೆ ಅದು. ಆಕಾಶಕಾಯಗಳನ್ನು ನೋಡುವ ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹದ ಎಕ್ಸ್-ರೇ ದೂರದರ್ಶಕಕ್ಕೆ ಕನ್ನಡಿ ಮಾಡಿದ್ದು ಅಲ್ಲೇ. ಎಕ್ಸ್-ರೇಗೆ ಎದುರಾಗಿ ಕನ್ನಡಿ ಹಿಡಿದರೆ ಕಿರಣ ಒಳಹೊಕ್ಕು ಇಂಗಿಹೋಗುತ್ತದೆ. ಕೆರೆಯ ಮೇಲೆ ಓರೆಯಾಗಿ ಎಸೆದ ಚಪ್ಪಟೆ ಕಲ್ಲಿನ ಹಾಗೆ ಮೈಸವರಿ ಬಂದರೆ ಮಾತ್ರ ಪುಟಿಯುತ್ತದೆ. ಹಾಗಾಗಿ ಕನ್ನಡಿ ತಟ್ಟೆಯಂತಿರದೆ ಕೊಳವೆಯಂತಿರುತ್ತದೆ, ಒಂದರೊಳಗೊಂದು ನಲವತ್ತು ಸುತ್ತು, ಒಟ್ಟು 320 ತುಂಡು. ತೆಳು ಅಲ್ಯೂಮಿನಿಯಂ ಹಾಳೆಯನ್ನು ಬಗ್ಗಿಸಿ, ನುಣುಪು ಗಾಜಿನ ಮೇಲೆ ಕೂರಿಸಿದ ಚಿನ್ನದ ಪದರವನ್ನು ಎಪಾಕ್ಸಿ ಅಂಟಿನಿಂದ ಅದಕ್ಕೆ ವರ್ಗಾಯಿಸುತ್ತಾರೆ. ಗಾಜಿನ ನುಣುಪೇ ಚಿನ್ನಕ್ಕೂ ಬರುತ್ತದೆ. ಉಬ್ಬುತಗ್ಗು ಒಂದು ನ್ಯಾನೋಮೀಟರಿನ ಆಸುಪಾಸು. ಈ ತಾಳ್ಮೆಯ ಕೈಕೆಲಸಕ್ಕೆ ನಾನು ತಲೆಬಾಗುತ್ತೇನೆ. ಚಿತ್ರದ ಸ್ಪಷ್ಟತೆಯಲ್ಲಿ ಅಮೆರಿಕದ ಚಂದ್ರಾ ದೂರದರ್ಶಕ ಬಹಳ ಮುಂದಿದೆ, ನಿಜ. ಅದರದು ದಪ್ಪ ಗಾಜು, ವರ್ಷಗಟ್ಟಲೆ ಉಜ್ಜಿದ ಮೈ, ಅರ್ಧ ಆರ್ಕ್‌ಸೆಕೆಂಡಿನಷ್ಟು ಸೂಕ್ಷ್ಮ ನೋಟ. ಆದರೆ ಅದು ಟನ್‌ಗಟ್ಟಲೆ ಭಾರದ ಉಪಗ್ರಹ. ನಮ್ಮ ಪಿಎಸ್‌ಎಲ್‌ವಿ ರಾಕೆಟ್ ಹೊರಬಹುದಾದ ತೂಕದಲ್ಲಿ ಹೆಚ್ಚು ಕಿರಣ ಕೂಡಿಸಲು ಹಾಳೆಯ ಕನ್ನಡಿಯೇ ಸರಿ ಎಂದು ನಮ್ಮವರು ಆರಿಸಿಕೊಂಡರು. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಮೇಲೇರಿದ ಆ ಕನ್ನಡಿಗಳು ಮರುತಿಂಗಳೇ ನೂರು ಕೋಟಿ ಜ್ಯೋತಿರ್ವರ್ಷಕ್ಕೂ ಆಚೆಯ ಒಂದು ಬ್ಲೇಜಾರ್‌ನ, ಅಂದರೆ ಪ್ರಖರವಾಗಿ ಹೊಳೆಯುವ ಗ್ಯಾಲಕ್ಸಿ ಕೇಂದ್ರದ, ಬೆಳಕು ಹಿಡಿದವು.