ತೊಟ್ಟಿಲ ಬಳಿ ಕೂರಲು ಬಿಡುವು ಕೊಡದ ಬಡತನ

ತೊಂಬತ್ತರ ದಶಕದ ಕೊನೆಯ ಮಾತು. ಇಂದು ಯಾದಗಿರಿ ಜಿಲ್ಲೆಗೆ ಸೇರಿರುವ ಶಹಾಪುರ ತಾಲ್ಲೂಕಿನ ಹಳ್ಳಿಯೊಂದರ ಅಂಗನವಾಡಿಯನ್ನು ತಪಾಸಣೆ ಮಾಡಿ ಹಿಂದಿರುಗುತ್ತಿದ್ದೆ. ಹತ್ತಿ ಬಿಡಿಸುತ್ತಿದ್ದ ಹೊಲದ ಬದುವಿನಲ್ಲಿ, ಬೇವಿನ ಮರಕ್ಕೆ ಕಟ್ಟಿದ ಸೀರೆಯ ಜೋಲಿಯಲ್ಲಿ ಎಂಟು ತಿಂಗಳ ಕೂಸೊಂದು ಅಳುತ್ತಿತ್ತು. ತೂಗುತ್ತಿದ್ದವಳು ಅದರ ಏಳು ವರ್ಷದ ಅಕ್ಕ. ಬಿಡಿಸಿದ ಹತ್ತಿಯ ತೂಕಕ್ಕೆ ತಕ್ಕಂತೆ ಕೂಲಿಯಾದ್ದರಿಂದ, ಸಾಲಿನ ಆ ತುದಿಯಲ್ಲಿದ್ದ ತಾಯಿ ಕೂಸು ಅತ್ತಾಗಲೆಲ್ಲ ಬರುವಂತಿರಲಿಲ್ಲ. ಅಂದು ನಾನು ಬರೆದ ವರದಿಯಲ್ಲಿ ಆಹಾರ ದಾಸ್ತಾನು, ಹಾಜರಾತಿ, ಮಕ್ಕಳ ತೂಕ ಎಲ್ಲದರ ವಿವರವೂ ಇತ್ತು. ಆ ಕೂಸಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದನ್ನು ಬರೆಯಲು ನಮೂನೆಯಲ್ಲಿ ಕಾಲಮ್ಮೇ ಇರಲಿಲ್ಲ.

ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಆಯ್ಕೆಯಾದದ್ದು ಟಿ. ನರಸೀಪುರ. ಅಲ್ಲಿಂದ ಯೋಜನೆ ಬಹಳ ದೂರ ಸಾಗಿ ಬಂದಿದೆ. ಆದರೂ 2019-20ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. 2015-16ರ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ 36.2 ಇತ್ತು. ಯಾದಗಿರಿ ಜಿಲ್ಲೆಯಲ್ಲಿ ಅರ್ಧಕ್ಕೂ ಹೆಚ್ಚು ಮಕ್ಕಳ ಬೆಳವಣಿಗೆ ಕುಂಠಿತವಾಗಿತ್ತು. ಆಹಾರ ಅತ್ಯಗತ್ಯ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮಗುವಿನ ಬೆಳವಣಿಗೆಗೆ ಆಹಾರವೊಂದೇ ಸಾಕೇ?

ಮೆದುಳು ಅತಿ ವೇಗವಾಗಿ ಬೆಳೆಯುವುದು ಮೊದಲ ಮೂರು ವರ್ಷಗಳಲ್ಲಿ. ಕೂಸು ತೊದಲಿದಾಗ ದೊಡ್ಡವರೊಬ್ಬರು ಮರುನುಡಿಯಬೇಕು, ಅತ್ತಾಗ ಎತ್ತಿಕೊಳ್ಳಬೇಕು, ಅದು ಬೆರಳು ತೋರಿದ ಕಡೆಗೆ ನೋಡಬೇಕು. ಭಾಷೆ, ಗಮನ, ಭಾವಸ್ಥೈರ್ಯ ರೂಪುಗೊಳ್ಳುವುದು ಈ ಕೊಡು-ಕೊಳ್ಳುವಿಕೆಯಲ್ಲಿಯೇ. ಇದಕ್ಕೆ ಹಣ ಬೇಕಿಲ್ಲ ಎಂದು ನಾವು ಭಾವಿಸುತ್ತೇವೆ. ಆದರೆ ಬಿಡುವು ಬೇಕು, ಚಿಂತೆಯಿಲ್ಲದ ಮನಸ್ಸು ಬೇಕು. ಬಡತನ ಮೊದಲು ಕಸಿದುಕೊಳ್ಳುವುದು ಇವೆರಡನ್ನೇ.

ಇದು ಕೇವಲ ಊಹೆಯಲ್ಲ. ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಕುರಿತ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಕೈ ಬರಿದಾಗಿರುವ ಕಟಾವಿನ ಮುಂಚಿನ ದಿನಗಳಲ್ಲಿ ಬುದ್ಧಿಪರೀಕ್ಷೆಗಳಲ್ಲಿ ಹಿಂದೆ ಬಿದ್ದ ರೈತರೇ, ಕಟಾವಿನ ಹಣ ಬಂದ ಮೇಲೆ ಉತ್ತಮ ಅಂಕ ಗಳಿಸಿದರು. ವ್ಯಕ್ತಿಗಳು ಬದಲಾಗಿರಲಿಲ್ಲ, ಅವರ ತಲೆಯ ಮೇಲಿನ ಹೊರೆ ಇಳಿದಿತ್ತು. ಸಾಲದ ಕಂತು, ಗುಳೆ ಹೋಗುವ ಚಿಂತೆ, ಬಾರದ ಮಳೆ ಇವು ತುಂಬಿದ ಮನಸ್ಸಿನಲ್ಲಿ ಕೂಸಿನ ತೊದಲಿಗೆ ಎಷ್ಟು ಜಾಗ ಉಳಿದೀತು? ಹಾಗಾಗಿ ಬಡ ತಾಯಂದಿರಿಗೆ ಅಕ್ಕರೆ ಸಾಲದು, ಅರಿವು ಸಾಲದು ಎಂದು ಬೋಧಿಸುವುದು ಅನ್ಯಾಯ. ಗುಳೆ ಹೋಗುವ ತಂದೆ ತಿಂಗಳುಗಟ್ಟಲೆ ಮಗುವಿನ ಮುಖವನ್ನೇ ನೋಡಲಾರ ಎಂಬುದನ್ನೂ ಮರೆಯುವಂತಿಲ್ಲ.

ಹೊರಗಿನ ಆಸರೆ ಸಿಕ್ಕರೆ ಈ ನಷ್ಟವನ್ನು ತುಂಬಬಹುದೇ? ತುಂಬಬಹುದು ಎನ್ನುತ್ತದೆ ಜಮೈಕಾದ ಅನುಭವ. ಎಂಬತ್ತರ ದಶಕದಲ್ಲಿ ಕಿಂಗ್‌ಸ್ಟನ್ ನಗರದ ಬಡ ಬಡಾವಣೆಗಳಲ್ಲಿ ಸ್ಯಾಲಿ ಗ್ರಂಥಮ್-ಮೆಕ್‌ಗ್ರೆಗರ್ ಮತ್ತು ಸಂಗಡಿಗರು ಬೆಳವಣಿಗೆ ಕುಂಠಿತವಾಗಿದ್ದ 129 ಮಕ್ಕಳನ್ನು ಅಧ್ಯಯನಕ್ಕೆ ಆರಿಸಿಕೊಂಡರು. ಅವರಲ್ಲಿ ಒಂದು ಭಾಗದವರ ಮನೆಗೆ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷ ಕಾಲ, ವಾರಕ್ಕೊಂದು ಗಂಟೆ ಹೋಗಿ, ತಾಯಿಯೊಡನೆ ಕುಳಿತು ಮಗುವನ್ನು ಆಡಿಸಿದರು. ಇಪ್ಪತ್ತು ವರ್ಷಗಳ ನಂತರ ಈ ಮಕ್ಕಳ ಗಳಿಕೆ, ಅಂತಹ ನೆರವು ಸಿಗದವರಿಗಿಂತ ಶೇ 25ರಷ್ಟು ಹೆಚ್ಚಿತ್ತು. ಪೂರಕ ಆಹಾರವನ್ನಷ್ಟೇ ಪಡೆದವರಲ್ಲಿ ಅಂತಹ ದೀರ್ಘಕಾಲದ ಲಾಭ ಕಾಣಲಿಲ್ಲ. ಪ್ರಯೋಗ ಸಣ್ಣದು, ನಡೆದದ್ದು ನಗರದಲ್ಲಿ, ನಿಜ. ಆದರೂ ಅದರ ಪಾಠವನ್ನು ತಳ್ಳಿಹಾಕುವಂತಿಲ್ಲ.

ನಮ್ಮ ಅಂಗನವಾಡಿಗೆ ನಿತ್ಯ ಬರುವವರು ಮೂರು ದಾಟಿದ ಮಕ್ಕಳು. ಮೂರರ ಒಳಗಿನವರಿಗೆ ಮುಖ್ಯವಾಗಿ ಸಲ್ಲುವುದು ಮನೆಗೊಯ್ಯುವ ಆಹಾರದ ಪೊಟ್ಟಣ. ಸಂಘಟಿತ ವಲಯದ ಮಹಿಳೆಗೆ 2017ರ ತಿದ್ದುಪಡಿಯಿಂದ 26 ವಾರಗಳ ವೇತನಸಹಿತ ಹೆರಿಗೆ ರಜೆ ದೊರೆಯಿತು. ಅದೇ ವರ್ಷ ಬಂದ ಮಾತೃವಂದನಾ ಯೋಜನೆ ಕೂಲಿಯ ಹೆಣ್ಣಿಗೆ ಮೊದಲ ಹೆರಿಗೆಗೆ ಕೊಡುವುದು 5,000 ರೂಪಾಯಿ. 2025-26ರಲ್ಲಿ ರಾಜ್ಯದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಆ ಲೆಕ್ಕದಲ್ಲಿ ಈ ಮೊತ್ತ ಹದಿನಾಲ್ಕು ದಿನದ ಕೂಲಿಗೂ ಸಮವಲ್ಲ. ಹದಿನೈದನೆಯ ದಿನ ಬಾಣಂತಿ ಏನು ಮಾಡಬೇಕು?

2005ರ ಉದ್ಯೋಗ ಖಾತರಿ ಕಾಯ್ದೆಯಲ್ಲಿ, ಕಾಮಗಾರಿ ಸ್ಥಳದಲ್ಲಿ ಆರು ವರ್ಷದೊಳಗಿನ ಐದು ಮಕ್ಕಳಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬ ಮಹಿಳೆಯನ್ನು ನೇಮಿಸಬೇಕೆಂಬ ನಿಯಮವಿತ್ತು. 2023ರಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಘೋಷಿಸಿದ್ದು ಸರಿಯಾದ ಹೆಜ್ಜೆ. ಆದರೆ ಅದು ಕಚೇರಿಯ ವೇಳೆಗಲ್ಲ, ಹೊಲದ ವೇಳೆಗೆ ತೆರೆಯಬೇಕು. ಪಂಚಾಯಿತಿ ಕೇಂದ್ರದಿಂದ ದೂರವಿರುವ ತಾಂಡಾ, ದೊಡ್ಡಿಗಳಿಗೂ ತಲುಪಬೇಕು. ಆರೈಕೆದಾರರು ಪದೇ ಪದೇ ಬದಲಾಗಬಾರದು, ಏಕೆಂದರೆ ಕೂಸಿಗೆ ದಿನವೂ ಕಂಡು ಗುರುತಾದ ಮುಖ ಬೇಕು. ಮನೆಭೇಟಿಯ ಕೆಲಸವನ್ನು ಸಮೀಕ್ಷೆ, ದಾಖಲೆಗಳ ಭಾರದಲ್ಲಿ ಈಗಾಗಲೇ ಬಳಲಿರುವ ಅಂಗನವಾಡಿ ಕಾರ್ಯಕರ್ತೆಯ ಹೆಗಲಿಗೇ ಹೇರದೆ, ಎರಡನೆಯವರೊಬ್ಬರನ್ನು ನೇಮಿಸಬೇಕು.

ಇದಕ್ಕೆಲ್ಲ ಹಣವೆಲ್ಲಿ ಎಂದು ನನ್ನ ಹಳೆಯ ಸಹೋದ್ಯೋಗಿಗಳು ಕೇಳಬಹುದು. ಆ ಪ್ರಶ್ನೆಯನ್ನು ಸೇವೆಯಲ್ಲಿದ್ದಾಗ ನಾನೂ ಹಲವು ಬಾರಿ ಕೇಳಿದ್ದೇನೆ. ಈ ವೆಚ್ಚವನ್ನು ಈಗಲೂ ಯಾರೋ ಭರಿಸುತ್ತಿದ್ದಾರೆ ಎಂಬುದು ಆಗ ನನಗೆ ಹೊಳೆದಿರಲಿಲ್ಲ. ಶಹಾಪುರದ ಆ ಹೊಲದಲ್ಲಿ ಅದನ್ನು ಭರಿಸುತ್ತಿದ್ದವಳು, ಶಾಲೆ ಬಿಟ್ಟು ಜೋಲಿ ತೂಗುತ್ತಿದ್ದ ಏಳು ವರ್ಷದ ಹುಡುಗಿ.